ಅಲ್ಮಾಜಕ್ಕನ ಕೈತುತ್ತು

ನಾನು ಆಡಿದ ಪ್ರತಿ ಮಾತಿಗೂ ಆ ಹೆಂಗಸು ಹೌಹಾರುತ್ತಿದ್ದಳು. "ಇಂಡಿಯಾದಿಂದ ಬಂದಿದ್ದೇನೆ" ಎಂದೆ, ಗಕ್ಕನೆ ಉಸಿರು ಒಳಗೆಳೆದುಕೊಂಡಳು. "ಒಂದು ವರ್ಷ ಇರುತ್ತೇನೆ" ಎಂದೆ, ಮತ್ತೆ ಗಕ್ಕನೆ ಉಸಿರು. "ಮಾಂಸ ತಿನ್ನುವುದಿಲ್ಲ" ಎಂದಾಗಲಂತೂ ಎರಡೆರಡು ಸಲ. ನನ್ನ ಬೆನ್ನ ಹಿಂದೆ ಹಾವೇನಾದರೂ ಬಂದಿದೆಯೇ ಎಂದು ತಿರುಗಿಯೂ ನೋಡಿದೆ. ಕೋಣೆ ಕೊಡಲು ಹೆದರುತ್ತಿದ್ದಾಳೆ ಎಂದುಕೊಂಡು ಪೆಟ್ಟಿಗೆ ಎತ್ತಿಕೊಳ್ಳುವುದರಲ್ಲಿದ್ದೆ. ಆಮೇಲೆ ತಿಳಿಯಿತು, ಇಥಿಯೋಪಿಯಾದ ಈ ಸೀಮೆಯಲ್ಲಿ ಹೌದು ಎನ್ನುವುದೇ ಹಾಗೆ. ನಾವು ಹೂಂಗುಟ್ಟುತ್ತೇವೆ, ಅವರು ಉಸಿರು ಎಳೆದುಕೊಳ್ಳುತ್ತಾರೆ. ಪಾಪ, ಅಲ್ಮಾಜಕ್ಕ ಆಗಿನಿಂದ ನನಗೆ ಬಾ ಬಾ ಎನ್ನುತ್ತಲೇ ಇದ್ದಳು.

ನಾನು ಖಾನಾಪುರದ ಕುಂಬಾರರ ಮಗಳು, ಬೆಳಗಾವಿಯ ರಾಮತೀರ್ಥ ನಗರದ ಸೊಸೆ. ದಿನಾ ಬೆಳಿಗ್ಗೆ ಬೆಳಗಾವಿಯಿಂದ ಖಾನಾಪುರಕ್ಕೆ ಹೋಗಿ, ಅಲ್ಲಿಯ ತರಬೇತಿ ಕೇಂದ್ರವೊಂದರಲ್ಲಿ ಮಣ್ಣಿನ ಕೆಲಸ ಕಲಿಸಿ, ಸಂಜೆ ಲೋಂಡಾ ಕಡೆಯಿಂದ ಬರುವ ರೈಲಿನಲ್ಲಿ ನಿಂತುಕೊಂಡೇ ವಾಪಸಾಗುತ್ತಿದ್ದವಳು. ಕಡಿಮೆ ಕಟ್ಟಿಗೆ ಬೇಡುವ ಮಣ್ಣಿನ ಒಲೆ ಮಾಡುವುದನ್ನು ಗೊಂದರ್ ಎಂಬ ಊರಿನ ಹೆಂಗಸರಿಗೆ ಕಲಿಸಲು ಯಾರಾದರೂ ಬರುತ್ತೀರಾ ಎಂದು ಸಂಸ್ಥೆಯೊಂದರವರು ಬಂದು ಕೇಳಿದಾಗ ಕೇಂದ್ರದ ಗಂಡಸರೆಲ್ಲ ನೆಲ ನೋಡಿದರು, ನಾನು ಕೈ ಎತ್ತಿದೆ. ಮಕ್ಕಳಿಬ್ಬರೂ ಕಾಲೇಜಿಗೆ ಬಂದಿದ್ದರು. "ಹೋಗಿ ಬಾ, ಒಂದ ವರ್ಷ ನಾನ ಭಕ್ರಿ ಬಡೀತೀನಿ" ಎಂದರು ನಮ್ಮ ಮನೆಯವರು. ಅವರು ಬಡಿದ ಭಕ್ರಿಯ ಕಥೆಯನ್ನು ಮಕ್ಕಳು ಇನ್ನೊಮ್ಮೆ ಬರೆಯಲಿ.

ನಾನು ಹೊರಟಾಗ ನಮ್ಮಲ್ಲಿ ಹೊಸ ಶತಮಾನ ಬಂತೆಂದು ಪಟಾಕಿ ಹೊಡೆದು ಮುಗಿದಿತ್ತು. ಗೊಂದರಿನಲ್ಲಿ ಇಳಿದರೆ ಅವರ ಪಂಚಾಂಗ ಇನ್ನೂ ಏಳೆಂಟು ವರ್ಷ ಹಿಂದೆ! ನನ್ನ ವಯಸ್ಸು ಅಷ್ಟು ಇಳಿಯಿತೆಂದು ಮನೆಗೆ ಬರೆದೆ. ಅಲ್ಲಿ ದಿನ ಶುರುವಾಗುವುದು ಸೂರ್ಯ ಹುಟ್ಟಿದ ಮೇಲೆ, ಬೆಳಗಿನ ಏಳು ಗಂಟೆಗೆ ಅವರು ಒಂದು ಗಂಟೆ ಎನ್ನುತ್ತಾರೆ. ಮೊದಲ ವಾರ ಕೆಲಸಕ್ಕೆ ಹೊತ್ತಲ್ಲದ ಹೊತ್ತಿನಲ್ಲಿ ಹೋಗಿ ಬೀಗ ನೋಡಿಕೊಂಡು ಬಂದೆ.

ಊಟಕ್ಕೆ ಬರೋಣ. ತೆಫ್ ಎಂಬ, ಗಸಗಸೆಗಿಂತ ಸಣ್ಣ ಕಾಳಿನ ಹಿಟ್ಟನ್ನು ಹುಳಿ ಬರಿಸಿ, ಬಂಡಿಗಾಲಿಯಷ್ಟು ಅಗಲದ ಮಣ್ಣಿನ ಹಂಚಿನ ಮೇಲೆ ಇಂಜೆರಾ ಬೇಯಿಸುತ್ತಾರೆ. ನೋಡಲು ನಮ್ಮ ದೋಸೆಯ ದೊಡ್ಡಪ್ಪ, ಬಾಯಿಗಿಟ್ಟರೆ ಹುಳಿ ಕಿವಿಯವರೆಗೆ ಏರುತ್ತದೆ. ಅದರ ಮೇಲೆ ಪಲ್ಯಗಳನ್ನು ಸುರುವಿ, ಮನೆಮಂದಿಯೆಲ್ಲ ಸುತ್ತ ಕೂತು ಒಂದೇ ತಾಟಿನಿಂದ ಉಣ್ಣುತ್ತಾರೆ. ಶಿರೊ ಎಂಬುದೊಂದಿದೆ, ಕಡಲೆಹಿಟ್ಟನ್ನು ಖಾರ ಹಾಕಿ ಕುದಿಸಿದ್ದು. ಮೊದಲ ತುತ್ತಿಗೇ ನಾನು "ಅಯ್ಯ, ಇದು ನಮ್ಮ ಜುಣಕ!" ಎಂದು ಕೂಗಿದೆ. ಅವ್ವ ಕಟ್ಟಿಕೊಟ್ಟ ಗುರೆಳ್ಳು ಚಟ್ನಿಪುಡಿಯ ಡಬ್ಬಿ ತೆಗೆದರೆ ಅಲ್ಮಾಜಕ್ಕ ಮೂಸಿ ನೋಡಿ ನಕ್ಕಳು, ಒಳಗೆ ಹೋಗಿ ಒಂದು ಹಿಡಿ ಗುರೆಳ್ಳು ತಂದು ನನ್ನ ಅಂಗೈಗೆ ಸುರಿದಳು. ಅವರು ಅದಕ್ಕೆ ನೂಗ್ ಎನ್ನುತ್ತಾರೆ, ಎಣ್ಣೆ ತೆಗೆಯುತ್ತಾರೆ. ಅಷ್ಟು ದೂರ ವಿಮಾನದಲ್ಲಿ ಕೂತು ಬಂದು ನಮ್ಮ ಹೊಲದ ಕಾಳನ್ನೇ ಕಂಡ ಆ ಹೊತ್ತಿಗೆ ನನಗೆ ಅಳು ಬಂದಿತು, ಅತ್ತೂಬಿಟ್ಟೆ.

ಅಲ್ಮಾಜಕ್ಕ ಒಬ್ಬಂಟಿ. ಗಂಡ ಇಲ್ಲ, ಮಕ್ಕಳು ರಾಜಧಾನಿಯಲ್ಲಿ. ಶಾಲೆಯಲ್ಲಿ ಅವಳಿಗೆ ಇಂಗ್ಲಿಷ್ ಕಲಿಸಿದ್ದು ಒಬ್ಬ ಭಾರತೀಯ ಮೇಷ್ಟ್ರಂತೆ, ಆದ್ದರಿಂದ ಅವಳ ಇಂಗ್ಲಿಷ್ ನನಗೆ ಸಲೀಸಾಗಿ ಅರ್ಥವಾಗುತ್ತಿತ್ತು. ಅವಳ ಮಾತನ್ನು ಇಲ್ಲಿ ನಮ್ಮೂರ ಮಾತಿಗೇ ತಿರುಗಿಸಿ ಬರೆಯುತ್ತೇನೆ, ಇಲ್ಲವಾದರೆ ನನಗೆ ಅವಳ ದನಿಯೇ ಕೇಳಿಸುವುದಿಲ್ಲ. ಅವರ ಧರ್ಮದಲ್ಲಿ ಬುಧವಾರ, ಶುಕ್ರವಾರ ಉಪವಾಸ. ಆ ದಿನ ಮಾಂಸ, ಹಾಲು, ತುಪ್ಪ ಯಾವುದೂ ಇಲ್ಲ. ನಾನು ವಾರವಿಡೀ ಮಾಂಸ ಮುಟ್ಟದ್ದನ್ನು ನೋಡಿ, ಏನೋ ದೊಡ್ಡ ವ್ರತ ಹಿಡಿದ ಸನ್ಯಾಸಿನಿ ಎಂದು ಅವಳು ನಂಬಿಬಿಟ್ಟಳು. ಕೊರಳಲ್ಲಿ ಲಿಂಗ ಬೇರೆ ಇತ್ತಲ್ಲ. ನೆರೆಯವರಿಗೆಲ್ಲ ನನ್ನನ್ನು ಹೆಮ್ಮೆಯಿಂದ ತೋರಿಸುತ್ತಿದ್ದಳು.

ಎರಡನೆಯ ದಿನವೇ ಅವಳು ಇಂಜೆರಾ ಹರಿದು, ಶಿರೊ ಸುತ್ತಿ, ತನ್ನ ಕೈಯಿಂದ ನನ್ನ ಬಾಯ ಹತ್ತಿರ ತಂದಳು. ಇದಕ್ಕೆ ಗುರ್ಶಾ ಎನ್ನುತ್ತಾರೆ. ಪ್ರೀತಿಯವರಿಗೆ, ಅತಿಥಿಗಳಿಗೆ ಕೊಡುವ ಕೈತುತ್ತು. ನಮ್ಮಲ್ಲಿ ಕೈತುತ್ತು ಕೂಸುಗಳಿಗೆ, ಬಿಟ್ಟರೆ ಮದುವೆಯ ದಿನ ಗಂಡಹೆಂಡಿರಿಗೆ, ಅದೂ ಸುತ್ತಲಿನವರು ಕಿಚಾಯಿಸುವಾಗ. ನಲವತ್ತು ದಾಟಿದ ನಾನು ಬಾಯಿ ತೆರೆದೆ. ತುತ್ತು ಎಷ್ಟು ದೊಡ್ಡದಿತ್ತೆಂದರೆ ಸ್ವಲ್ಪ ಹೊತ್ತು ಮಾತೇ ಆಡಲಾಗಲಿಲ್ಲ. ನನ್ನನ್ನು ಬಲ್ಲವರಿಗೆ ಗೊತ್ತು, ಅದೊಂದು ಪವಾಡ.

ಹೀಗೆ ನಾನು ಅಲ್ಲಿ ಬೇರು ಬಿಟ್ಟೆ. ಸಂತೆಯಲ್ಲಿ ಅವರ ಭಾಷೆಯಲ್ಲೇ ಚೌಕಾಸಿ ಕಲಿತೆ. ಅಲ್ಲಿಯ ಜೋಳದ ಹಿಟ್ಟಿನಿಂದ ಭಕ್ರಿ ಬಡಿದು ಅಲ್ಮಾಜಕ್ಕನಿಗೆ ತಿನ್ನಿಸಿದೆ. "ಬಿರುಸ ಐತಿ, ಆದ್ರ ಬಾಯಿಗೆ ಹತ್ತೇತಿ" ಎಂದು ಅವಳು ಇನ್ನೊಂದು ಬೇಡಿದಳು. ಕೆಲಸದಲ್ಲಿ ಯೆಷಿ ಎಂಬ ಕುಂಬಾರ ಹೆಂಗಸು ನನ್ನ ಬಲಗೈಯಾದಳು. ಅವರಲ್ಲಿ ತಿಗರಿಯ ಚಕ್ರ ಇಲ್ಲ, ಗಡಿಗೆಯನ್ನು ಕೈಯಲ್ಲೇ ಎಬ್ಬಿಸುತ್ತಾರೆ. ನಾನು ಅವಳಿಗೆ ಒಲೆ ಕಲಿಸಿದೆ, ಅವಳು ನನಗೆ ನನ್ನ ಕೈಯನ್ನು ಇನ್ನಷ್ಟು ನಂಬುವುದನ್ನು ಕಲಿಸಿದಳು.

ಒಂದು ಭಾನುವಾರ ನೆರೆಯವರೆಲ್ಲ ಕಾಫಿಗೆ ಬಂದರು. ಅಲ್ಲಿ ಕಾಫಿ ಎಂದರೆ ಅರ್ಧ ದಿನದ ಕೆಲಸ. ಹಸಿ ಬೀಜವನ್ನು ಎದುರಿಗೇ ಹುರಿದು, ಕುಟ್ಟಿ, ಜೆಬೆನಾ ಎಂಬ ಉದ್ದ ಕೊರಳಿನ ಮಣ್ಣಿನ ಹೂಜಿಯಲ್ಲಿ ಕುದಿಸಿ, ಮೂರು ಸುತ್ತು ಬಗ್ಗಿಸುತ್ತಾರೆ. ಜೆಬೆನಾ ಚೆನ್ನಾಗಿತ್ತು. ಎತ್ತಿ, ಉಗುರಿನಿಂದ ಬಾರಿಸಿ, ದನಿ ಕೇಳಿ, "ಇದನ್ನ ಮಾಡಿದಾಕಿ ಕೈ ಭಾಳ ಚಲೋ ಐತ್ರಿ" ಎಂದೆ. ನಿನಗೆ ಹೇಗೆ ಗೊತ್ತು ಎಂದರು. ನಾನು ಬೆನ್ನು ನೆಟ್ಟಗೆ ಮಾಡಿ ಹೇಳಿದೆ: "ಗೊತ್ತಿರಲಾರದ ಏನ್ರಿ? ನಮ್ಮಪ್ಪ ಗಡಿಗಿ ಮಾಡ್ತಿದ್ದ, ನಮ್ಮಜ್ಜ ಮಾಡ್ತಿದ್ದ, ನಾನೂ ಮಾಡ್ತೀನಿ. ನಾವು ಕುಂಬಾರ್ರು."

ಅಲ್ಮಾಜಕ್ಕ ಅದನ್ನು ಅವರ ಭಾಷೆಗೆ ತಿರುಗಿಸಿದಳು, ಅರ್ಧಕ್ಕೇ ಅವಳ ದನಿ ಸಣ್ಣದಾಯಿತು. ಪಕ್ಕದ ಮನೆಯ ಬಾಣಂತಿ ಕೂಸಿನ ಮುಖದ ಮೇಲೆ ಹೊದ್ದ ಬಟ್ಟೆ ಎಳೆದಳು. ಮೂರನೆಯ ಸುತ್ತಿನ ಕಾಫಿಗೆ ಯಾರೂ ನಿಲ್ಲಲಿಲ್ಲ.

ಅಂದಿನ ಸಂಜೆ ನನ್ನ ಊಟ ಬೇರೆ ತಾಟಿನಲ್ಲಿ ಕೋಣೆಗೇ ಬಂತು.

ಮರುದಿನ ನನ್ನ ಹರಕುಮುರುಕು ಅಮ್ಹಾರಿಕ್‌ನಲ್ಲಿ ಯೆಷಿಯನ್ನು ಕೇಳಿದೆ. ಅವಳು ಮೊದಲು ಬಿದ್ದು ಬಿದ್ದು ನಕ್ಕಳು, ಆಮೇಲೆ ಹೇಳಿದಳು. ಅಲ್ಲಿ ಮಣ್ಣಿನ ಕೆಲಸದವರನ್ನು ಬುದಾ ಎನ್ನುತ್ತಾರೆ, ಕೆಟ್ಟ ಕಣ್ಣಿನವರು ಎಂದು. ಅವರು ನೋಡಿದರೆ ಕೂಸು ಸೊರಗುತ್ತದೆಯಂತೆ, ಕತ್ತಲಾದರೆ ಅವರು ಕತ್ತೆಕಿರುಬಗಳಾಗಿ ತಿರುಗುತ್ತಾರಂತೆ. ಅವರು ಮಾಡಿದ ಗಡಿಗೆ ಎಲ್ಲರಿಗೂ ಬೇಕು, ಜೊತೆಗೆ ಕೂತು ಉಣ್ಣುವವರು ಯಾರೂ ಇಲ್ಲ. "ಈಗ ನೀನೂ ಕಿರುಬ ಆದಿ. ಬಾ, ನಮ್ಮನ್ಯಾಗ ಉಣ್ಣು" ಎಂದಳು ಯೆಷಿ. ಹಿಂದಿನ ದಿನದವರೆಗೆ ಸನ್ಯಾಸಿನಿಯಾಗಿದ್ದೆ. ಅಷ್ಟು ಬೇಗ ಯಾರಿಗೂ ಹೀಗೆ ಹಿಂಬಡ್ತಿ ಸಿಕ್ಕಿರಲಾರದು.

ನಗುತ್ತ ಬರೆಯುತ್ತಿದ್ದೇನೆ, ಆದರೆ ಆ ತಾಟು ಕಂಡಾಗ ಎದೆ ಉರಿದಿತ್ತು. ಮನೆಗೆ ಫೋನು ಮಾಡಿದೆ. ನಮ್ಮ ಮನೆಯವರು "ಬ್ಯಾರೆ ಮನಿ ನೋಡ್ಕೊ" ಎಂದರು. ಖಾನಾಪುರದಲ್ಲಿ ಅಣ್ಣನ ಮನೆಯಲ್ಲಿದ್ದ ಅವ್ವ ಎಲ್ಲ ಕೇಳಿಸಿಕೊಂಡು ಹೇಳಿದ್ದು ಇಷ್ಟೇ: "ಮನಿ ಬಿಡಬ್ಯಾಡ. ಜಗಳಾನೂ ಮಾಡಬ್ಯಾಡ. ಬ್ಯಾರೆ ತಾಟಿನ್ಯಾಗ ಮಾತ್ರ ಉಣಬ್ಯಾಡ ನನ್ನವ್ವ."

ಎರಡು ದಿನದ ನಂತರ ಅಲ್ಮಾಜಕ್ಕನೇ ಕೋಣೆಗೆ ಬಂದಳು. ಕಣ್ಣು ಕೆಂಪಾಗಿತ್ತು.

"ನೀ ಒಲಿ ಕಲಸಾಕ ಬಂದ ಸಾಲಿ ಬಾಯಾರು. ಗಡಿಗಿ ಮಾಡಾಕಿ ಅಂತ ಯಾಕ ಹೇಳಿದಿ? ಆಕಿಗೆ ಭಾಷಾ ಬರಂಗಿಲ್ಲ, ತಪ್ಪಿ ಅಂದ್ಳು ಅಂತ ನಾ ಎಲ್ಲಾರ್ಗೂ ಹೇಳ್ತೀನಿ. ನೀ ಹೂಂ ಅಂದ್ರ ಸಾಕು, ಇವತ್ತಿಂದನ ಮತ್ತ ಒಂದ ತಾಟಿನ್ಯಾಗ ಉಣ್ಣೂಣು."

ಬಹಳ ಸುಲಭದ ದಾರಿ. ಅವಳಿಗೂ ಅದು ಪ್ರೀತಿಯಿಂದಲೇ ಹೊಳೆದದ್ದು.

"ಅಕ್ಕಾರ, ನಮ್ಮಪ್ಪ ತಿಗರಿ ತಿರುವಿ ನನಗ ಸಾಲಿ ಕಲಿಸ್ಯಾನ್ರಿ. ಅಂವನ್ನ ಹೊರಗ ಕುಂದರ್ಸಿ ನಾ ಒಳಗ ಹೆಂಗ ಉಣ್ಣಲಿ? ನೀವು ದಿನಾ ಇಂಜೆರಾ ಬೇಯಸೂ ಹಂಚು ಯೆಷಿ ಮಾಡಿದ್ದ ಅಲ್ಲೇನ್ರಿ?"

"ಹಂಚು ಬೆಂಕ್ಯಾಗ ತೊಳದ ಬಂದಿರ್ತೈತಿ" ಎಂದಳು.

ನಾನು ತೋಳು ಏರಿಸಿ, ಗಡಿಗೆ ಸುಡುವ ಆವಿಗೆಯಲ್ಲಿ ಆದ ಸುಟ್ಟ ಗುರುತುಗಳನ್ನು ತೋರಿಸಿದೆ. "ನನ್ನ ಕೈನೂ ಬೆಂಕ್ಯಾಗಿಂದನ ಬಂದೈತ್ರಿ."

ಅವಳು ಎದ್ದು ಹೋದಳು. ನಾನು ಅವ್ವ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದೆ. ಸಂಜೆ ನೆರೆಯವರೆಲ್ಲ ನೋಡುವಂತೆ ಬೀದಿಯ ನಡುವೆ ನಡೆದು ಯೆಷಿಯ ಗುಡಿಸಲಿಗೆ ಹೋಗಿ ಉಣ್ಣುತ್ತಿದ್ದೆ, ಬಂದು ಅಲ್ಮಾಜಕ್ಕನ ಕಟ್ಟೆಯ ಮೇಲೆ ಕೂತು ಏನೂ ಆಗಿಲ್ಲವೆಂಬಂತೆ ಹರಟುತ್ತಿದ್ದೆ. ಅವಳು ಬಾಗಿಲ ಒಳಗಿನಿಂದ ಉತ್ತರ ಕೊಡುತ್ತಿದ್ದಳು. ಒಬ್ಬರೇ ಕೂತು ಉಣ್ಣುವುದು ಅವರಲ್ಲಿ ದೊಡ್ಡ ದುಃಖ. ತಾಟು ಅಷ್ಟು ಅಗಲ, ಅದರ ಮುಂದೆ ಅವಳೊಬ್ಬಳೇ. ಇಂಜೆರಾ ಅರ್ಧಕ್ಕರ್ಧ ಹಾಗೇ ಉಳಿದು ಕೋಳಿಗೆ ಹೋಗುವುದನ್ನು ನಾನು ಕಾಣುತ್ತಿದ್ದೆ. ಆದರೂ ನಾನಾಗಿ ಮೊದಲು ಬಾಗಲಿಲ್ಲ.

ಅವರ ದೊಡ್ಡ ಉಪವಾಸದ ದಿನಗಳು ಬಂದವು, ಐವತ್ತಕ್ಕೂ ಹೆಚ್ಚು ದಿನ ಮಾಂಸವಿಲ್ಲ. ಒಂದು ಭಾನುವಾರ ಮತ್ತೆ ಊಟ, ಕಾಫಿ, ಮತ್ತೆ ಅದೇ ನೆರೆಯವರು. ನಾನು ಯೆಷಿಯ ಮನೆಗೆ ಹೊರಟು ಅಂಗಳ ದಾಟುತ್ತಿದ್ದೆ. "ನೀಲಾ!" ಎಂದು ಕೂಗಿದಳು ಅಲ್ಮಾಜಕ್ಕ. ತಾಟಿನ ಮುಂದಿನಿಂದ ಎದ್ದು, ಎಲ್ಲರೂ ನೋಡುತ್ತಿದ್ದಂತೆ ನನ್ನ ಹತ್ತಿರ ನಡೆದು ಬಂದಳು. ಕೈಯಲ್ಲಿ ತುತ್ತು ಇತ್ತು. ಶಿರೊ ಅವಳ ಮಣಿಕಟ್ಟಿನವರೆಗೆ ಇಳಿದಿತ್ತು. "ಬಾಯಿ ತಗಿ" ಎಂದಳು. ತೆಗೆದೆ. ಕೈ ಹಿಡಿದು ಕರೆದೊಯ್ದು ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು. ಬಾಣಂತಿ ಎದ್ದು ಹೋದಳು, ಉಳಿದವರು ಕೂತರು.

ಯೆಷಿಯನ್ನು ಮಾತ್ರ ಇನ್ನೂ ಯಾರೂ ಒಳಗೆ ಕರೆದಿಲ್ಲ. ಅಲ್ಮಾಜಕ್ಕನೂ ಕರೆದಿಲ್ಲ. ನಾನು ಪರದೇಶದವಳು, ನನಗೆ ಬಾಗಿಲು ಸ್ವಲ್ಪ ಬೇಗ ತೆರೆಯಿತು. ಅದಕ್ಕೇ ಒಪ್ಪಂದವನ್ನು ಇನ್ನೊಂದು ವರ್ಷ ಮುಂದುವರಿಸಿ ಮತ್ತೆ ಬಂದಿದ್ದೇನೆ, ಇದನ್ನು ಅಲ್ಮಾಜಕ್ಕನ ಕಟ್ಟೆಯ ಮೇಲೆ ಕೂತೇ ಬರೆಯುತ್ತಿದ್ದೇನೆ.

ನಡುವೆ ರಜೆಗೆ ಊರಿಗೆ ಹೋಗಿದ್ದೆ. ಅವ್ವನಿಗೆ ಈ ಕಥೆಯನ್ನು ಎಷ್ಟು ಸಲ ಹೇಳಿದರೂ ಸಾಲದು. ಆಗ ಮದುವೆಯ ಹಂಗಾಮು. ನಮ್ಮ ಕಡೆ ಮದುವೆಗೆ ಐರಾಣಿ ಗಡಿಗೆಗಳು ಬೇಕು. ಸುಣ್ಣ ಕೆಮ್ಮಣ್ಣಿನ ಚಿತ್ತಾರ ಬರೆದ ಆ ಗಡಿಗೆಗಳನ್ನು ಮದುವೆ ಮನೆಯವರು ವಾದ್ಯ ಸಮೇತ ಕುಂಬಾರರ ಮನೆಗೇ ಬಂದು, ಉಡಿ ತುಂಬಿ, ಪೂಜೆ ಮಾಡಿ ಒಯ್ಯುತ್ತಾರೆ. ಗೊಂದರಿನಲ್ಲಿ ನಾನು ಇದನ್ನೇ ಹೇಳಿ ಎದೆ ಉಬ್ಬಿಸಿದ್ದೆ: ನಮ್ಮೂರಲ್ಲಿ ಕುಂಬಾರರ ಬಾಗಿಲಿಗೆ ಬಾಜಾ ಬಜಂತ್ರಿ ಬರುತ್ತದೆ, ಗೊತ್ತೇನು!

ಖಾನಾಪುರದ ಮನೆಗೆ ಐರಾಣಿ ಒಯ್ಯಲು ಒಂದು ಮದುವೆ ಮನೆಯವರು ಬರುವ ದಿನ ಅವ್ವ, ಎಂದೂ ಇಲ್ಲದ್ದು, ಅವರಿಗೆಂದು ಹೋಳಿಗೆ, ಕಟ್ಟಿನ ಸಾರು ಮಾಡಿದಳು. ಟೆಂಪೋದಲ್ಲಿ ಬಂದವರು ನಮ್ಮ ರಾಮತೀರ್ಥ ನಗರದವರೇ, ಒಳ್ಳೆಯ ಜನ. ಮದುಮಗಳ ತಾಯಿ ಅಣ್ಣನ ಹೆಂಡತಿಯ ಉಡಿ ತುಂಬಿ, ಅವ್ವನ ಕಾಲಿಗೆ ನಮಸ್ಕಾರ ಮಾಡಿದಳು. ಗಡಿಗೆಗಳನ್ನು ಬಾಯ್ತುಂಬ ಹೊಗಳಿದಳು.

"ಕುಂದರ್ರಿ, ಉಂಡ ಹೋಗ್ರಿ, ಎಲ್ಲಾ ತಯಾರ ಐತಿ" ಎಂದಳು ಅವ್ವ.

"ಇಲ್ರೀ ಯವ್ವಾ, ಭಾಳ ಅವಸರ ಐತಿ. ಇನ್ನೊಮ್ಮೆ ಬರ್ತೀವ್ರಿ." ಒಂದು ಗುಟುಕು ನೀರೂ ಕುಡಿಯದೆ ವಾದ್ಯದ ಜೊತೆ ಹೊರಟರು.

ಅಡುಗೆಮನೆಯಲ್ಲಿ ಹೋಳಿಗೆ ಆರುತ್ತಿತ್ತು. ಗೊಂದರಿನಲ್ಲಿ ಹಸಿವಾದಾಗಲೆಲ್ಲ ನಾನು ನೆನೆದದ್ದು ಇದೇ ಅಡುಗೆಮನೆಯನ್ನು. ಈಗ ಇದರೊಳಗೆ ಕೂತು ಆ ದೂರದ ಅಂಗಳವನ್ನು ನೆನೆಯುತ್ತಿದ್ದೆ, ಇಲ್ಲಿಯವಳೇ ಆಗಿದ್ದೂ. ಹುಟ್ಟಿದಾಗಿನಿಂದ ಐರಾಣಿ ನೋಡಿದವಳು ನಾನು, ಒಮ್ಮೆಯೂ ಇದು ಕಣ್ಣಿಗೆ ಬಿದ್ದಿರಲಿಲ್ಲ.

"ಅವ್ವಾ, ಐರಾಣಿಗೆ ಬಂದವ್ರು ಎಂದಾರ ನಮ್ಮನ್ಯಾಗ ಉಂಡಾರೇನ?"

ಅವ್ವ ಹೋಳಿಗೆಯ ಮೇಲೆ ತುಪ್ಪ ಹಾಕಿ ನನ್ನ ಮುಂದೆ ಸರಿಸಿದಳು. "ಅವರಿಗೆ ಯಾವಾಗ್ಲೂ ಅವಸರನ ಇರ್ತೈತಿ" ಎಂದಳು. ತುಪ್ಪದ ಗಿಂಡಿ ಕೆಳಗಿಟ್ಟು, ಮತ್ತೆ ಕೇಳಿದಳು:

"ಆ ನಿನ್ನ ಅಲ್ಮಾಜಕ್ಕಗ ಅವಸರ ಇರಲಿಲ್ಲೇನ?"