ಗಿರಿಜಕ್ಕನ ಹೆಸರಿನ ನಂಬರು

ಗಿರಿಜಕ್ಕನ ಎಡಗೈಯ ಬಳೆಯಲ್ಲಿ ಯಾವಾಗಲೂ ನಾಲ್ಕೈದು ಸೇಫ್ಟಿ ಪಿನ್ನುಗಳು ನೇತಾಡುತ್ತಿದ್ದವು. ಸೀರೆಗೆ ಒಂದೆರಡು, ಉಳಿದವು ಊರಿನವರ ಸಿಮ್ಮಿಗೆ. ಯಾರಾದರೂ ಫೋನು ಚಾಚಿದರೆ ಮೊದಲು ಪಿನ್ನು ತೆಗೆಯುತ್ತಿದ್ದರು, ಆಮೇಲೆ ಬಾಯಿ. ಪಿನ್ನು ಚುಚ್ಚುವುದು ಸಿಮ್ ಟ್ರೇಗೆ, ಬಾಯಿ ಚುಚ್ಚುವುದು ಫೋನಿನ ಯಜಮಾನನಿಗೆ.

ಸಿದ್ದಕಟ್ಟೆಯಲ್ಲಿ ಬಸ್ ನಿಲ್ಲುವ ಜಾಗದ ಎದುರು ಅವರ ಮೊಬೈಲ್ ಅಂಗಡಿ. ಒಳಗೆ ಒಬ್ಬರು ಕೂತರೆ ಬಂದವರು ಹೊರಗೇ ನಿಲ್ಲಬೇಕು. ಮೂಡುಬಿದಿರೆಗೆ ಹೋಗುವವರು, ಬಂಟ್ವಾಳಕ್ಕೆ ಹೋಗುವವರು, ಬಸ್ಸು ಬರುವುದರೊಳಗೆ ಫೋನು ಸರಿಯಾಗಬೇಕು ಎಂದು ಅವಸರ ಮಾಡುತ್ತಿದ್ದರು.

"ನೆಟ್‌ವರ್ಕ್ ಇಲ್ಲ ಅಕ್ಕ."

"ಎಲ್ಲಿ ಇಲ್ಲ? ಮನೆಯಲ್ಲಿಯಾ, ಗುಡ್ಡೆಯಲ್ಲಿಯಾ, ಹೆಂಡತಿ ಫೋನ್ ಮಾಡುವಾಗ ಮಾತ್ರವಾ?"

ಯಾವ ಫೋನು ಬಂದರೂ ಅವರ ಕ್ರಮ ಒಂದೇ. ಮೊದಲು ಆಫ್ ಮಾಡಿ ಆನ್ ಮಾಡುವುದು. "ಜ್ವರ ಬಂದವನಿಗೆ ಮೊದಲು ಗಂಜಿ, ಆಮೇಲೆ ಡಾಕ್ಟ್ರು" ಎನ್ನುತ್ತಿದ್ದರು. ಅದರಲ್ಲಿ ಆಗದಿದ್ದರೆ ವಿಮಾನದ ಗುರುತನ್ನು ಒಮ್ಮೆ ಒತ್ತಿ ಬಿಡುವುದು. ಆಮೇಲೆ ಸಿಮ್ ಹೊರಗೆ ತೆಗೆದು, ಶಾಲೆಯ ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಅದರ ಹಳದಿ ಮುಖವನ್ನು ಮೆಲ್ಲ ಉಜ್ಜುವುದು. ಕೊನೆಯದಾಗಿ ತಮ್ಮದೇ ಹಳೆಯ ಫೋನಿಗೆ ಹಾಕಿ ನೋಡುವುದು. "ನನ್ನದರಲ್ಲಿ ಓಡಿದರೆ ನಿನ್ನ ಫೋನು ಕಳ್ಳ. ಓಡದಿದ್ದರೆ ಸಿಮ್ಮು ಕಳ್ಳ."

ಮೀನು ಮಾರುವ ಹಮೀದಣ್ಣನ ಸಿಮ್ ಒಮ್ಮೆ ಮೀನಿನ ನೀರು ಕುಡಿದು ಕಪ್ಪಾಗಿ ಬಂದಿತ್ತು. ಗಿರಿಜಕ್ಕ ಮೂಗು ಮುಚ್ಚಿಕೊಂಡು, "ಇದು ಸಿಮ್ಮಾ, ಒಣ ಬಂಗುಡೆಯಾ?" ಎಂದರು.

"ಬಂಗುಡೆ ಆದರೆ ನಾನೇ ಮಾರ್ತಿದ್ದೆ ಅಕ್ಕ, ನಿಮ್ಮ ಹತ್ರ ಯಾಕೆ ತರ್ತಿದ್ದೆ?" ಎಂದು ಅವನೂ ಬಿಡಲಿಲ್ಲ.

ಹೀಗೆ ನಗಿಸಿಕೊಂಡು, ಫೋನು ಸರಿ ಮಾಡಿಸಿಕೊಂಡು ಬಸ್ ಹತ್ತಿದವರೇ ಸೀಟಿನಲ್ಲಿ ಕೂತ ಮೇಲೆ, "ಗಂಡನ ಮನೆಯಲ್ಲಿ ನಿಲ್ಲದೆ ಬಂದವಳು, ನಾಲಿಗೆ ನೋಡು" ಎನ್ನುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಗಂಡನ ಮನೆಯಿಂದ ಬಂದದ್ದು ಹೌದು. ಇದ್ದದ್ದು ತಮ್ಮ ಶೇಖರನ ಮನೆಯ ಹಿಂಬದಿಯ ಕೋಣೆಯಲ್ಲಿ. ಬೇರೆ ಒಲೆ, ಬೇರೆ ಬಾಗಿಲು.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಕೆಲಸಕ್ಕೆ ಇಳಿದವನು. ಬಾವಿಯ ಕೆಸರು ತೆಗೆಯುವುದು, ಸಿಮೆಂಟಿನ ರಿಂಗ್ ಇಳಿಸುವುದು, ಬಿದ್ದ ಪಂಪ್ ಎತ್ತುವುದು ನನ್ನ ಕೆಲಸ. ಯಾರ ಎದುರೂ ಕೈ ಚಾಚಿದವನಲ್ಲ. ಮೊದಲ ಫೋನು ತೆಗೆದುಕೊಂಡಾಗ ಸಿಮ್ಮಿಗೆ ಕೊಡಲು ನನ್ನ ಹೆಸರಿನ ಒಂದು ಕಾಗದವೂ ಇರಲಿಲ್ಲ.

"ನನ್ನ ಹೆಸರಲ್ಲಿ ಮಾಡುವ, ಬಾಬು" ಎಂದರು ಗಿರಿಜಕ್ಕ.

"ಬೇಡ ಅಕ್ಕ, ನಾಳೆ ಏನಾದರೂ ಆದರೆ?"

"ಏನಾಗ್ತದೆ? ನೀನು ಕೆಳಗೆ ಇಳಿಯುವವನು ಮಾರಾಯ. ಓಡಿ ಹೋಗುವವರು ಬಾವಿಗೆ ಇಳಿಯುವುದಿಲ್ಲ."

ಆ ನಂಬರನ್ನು ನಾನು ವಾಮದಪದವಿನಿಂದ ನರಿಕೊಂಬಿನವರೆಗೆ ರಸ್ತೆ ಬದಿಯ ಮೋರಿಯ ಗೋಡೆಗಳಲ್ಲಿ ನನ್ನ ಕೈಯಾರೆ ಬರೆದೆ. 'ಬಾವಿ ಕೆಲಸಕ್ಕೆ ಬಾಬು' ಎಂದು, ಕೆಳಗೆ ನಂಬರು. ನನಗೆ ಅಂಗಡಿ ಇಲ್ಲ, ಬೋರ್ಡಿಲ್ಲ. ನಂಬರೇ ಅಂಗಡಿ.

ನನ್ನ ಹಾಗೆ ಇನ್ನೂ ಕೆಲವರಿಗೆ ಅವರು ಸಿಮ್ ಕೊಟ್ಟಿದ್ದರು. ಅವರಲ್ಲೊಬ್ಬ ಯಾರಿಗೋ ಫೋನಿನಲ್ಲಿ ಬೆದರಿಕೆ ಹಾಕಿದ. ಪೊಲೀಸರು ಕರೆಸಿದ್ದು ಗಿರಿಜಕ್ಕನನ್ನು. ಬೆಳಗ್ಗೆ ಹೋದವರು ಸಂಜೆಯವರೆಗೆ ಠಾಣೆಯ ಬೆಂಚಿನಲ್ಲಿ ಕೂತಿದ್ದರು. ಶೇಖರ ಆ ಕಡೆ ತಲೆ ಹಾಕಲಿಲ್ಲ. ಮರುದಿನ ನಾನು ಅಂಗಡಿಗೆ ಹೋದಾಗ ಅವರು ಯಾರದೋ ಸಿಮ್ ಉಜ್ಜುತ್ತಿದ್ದರು.

"ಉಳಿದದ್ದೆಲ್ಲ ಬಂದ್ ಮಾಡಿಸಿದೆ. ನಿನ್ನದು ಬಿಟ್ಟು" ಎಂದರು.

"ನನ್ನದೂ ಮಾಡಿಸಿ ಅಕ್ಕ. ನಿಮಗೆ ಯಾಕೆ ತೊಂದರೆ?"

"ಊರಿನ ಮೋರಿ ಮೋರಿಯಲ್ಲಿ ಬರೆದಿಟ್ಟಿದ್ದಿ. ಬಂದ್ ಮಾಡಿದರೆ ನಿನ್ನನ್ನು ಯಾರು ಕರೀತಾರೆ, ಕಪ್ಪೆಯಾ? ಒಂದು ದಿನ ಇಬ್ಬರೂ ಬಿ.ಸಿ. ರೋಡಿನ ಕಂಪೆನಿ ಅಂಗಡಿಗೆ ಹೋಗುವ. ಈಗ ನಿನಗೂ ಆಧಾರ್ ಉಂಟಲ್ಲ, ನಿನ್ನ ಹೆಸರಿಗೆ ಮಾಡಿಸುವ."

ಆ ಒಂದು ದಿನ ಬರಲಿಲ್ಲ. ಅವರಿಗೆ ಅಂಗಡಿ ಬಿಡಲು ಆಗಲಿಲ್ಲ, ನನಗೆ ಕೆಲಸ ಬಿಡಲು ಆಗಲಿಲ್ಲ. ಹೋದ ಚಳಿಗಾಲದಲ್ಲಿ ಎದೆನೋವು ಎಂದು ಬೇಗ ಅಂಗಡಿ ಮುಚ್ಚಿ ಮನೆಗೆ ಹೋದವರು ಮತ್ತೆ ಬಾಗಿಲು ತೆಗೆಯಲಿಲ್ಲ. ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ.

ಎಪ್ರಿಲ್‌ನಲ್ಲಿ ಬಾವಿ ಬತ್ತುತ್ತದೆ. ಕೆಸರು ತೆಗೆಯುವ ಕೆಲಸ ಬರುವುದು ಆಗಲೇ; ಮಳೆ ಶುರುವಾದರೆ ಆ ಕೆಲಸ ಮತ್ತೆ ಮುಂದಿನ ಬೇಸಿಗೆಗೇ. ಸರಿಯಾಗಿ ಆಗಲೇ ಫೋನಿನಲ್ಲಿ 'ಸಿಮ್ ಇಲ್ಲ' ಎಂದು ಬಂತು. ಆಫ್ ಮಾಡಿ ಆನ್ ಮಾಡಿದೆ. ರಬ್ಬರಿನಲ್ಲಿ ಉಜ್ಜಿದೆ. ಹೆಂಡತಿಯ ಫೋನಿಗೆ ಹಾಕಿ ನೋಡಿದೆ. ಸಿಮ್ಮೇ ಸತ್ತಿತ್ತು.

ಬಿ.ಸಿ. ರೋಡಿನ ಕಂಪೆನಿಯ ಅಂಗಡಿಯ ಹುಡುಗಿ ಕಂಪ್ಯೂಟರ್ ನೋಡಿ ಹೇಳಿದಳು, "ಅಂಕಲ್, ಇದು ಗಿರಿಜಾ ಅಂತ ಇರುವವರ ಹೆಸರಲ್ಲಿ ಉಂಟು. ಬೇರೆ ಸಿಮ್ ಬೇಕಾದರೆ ಅವರನ್ನೇ ಕರ್ಕೊಂಡು ಬನ್ನಿ."

"ತೀರಿಹೋಗಿದ್ದಾರೆ."

"ಹಾಗಾದರೆ ಮರಣಪತ್ರ ಬೇಕು, ಮನೆಯವರು ಬಂದು ಸೈನ್ ಹಾಕಬೇಕು. ನಿಮಗೆ ಅವರು ಏನಾಗಬೇಕು?"

"ಅಕ್ಕ."

"ಸ್ವಂತ ಅಕ್ಕನಾ?"

ನಾನು ಸಿಮ್ ಎತ್ತಿಕೊಂಡು ಹೊರಗೆ ಬಂದೆ.

ಶೇಖರ ಅಂಗಳದಲ್ಲಿ ರಬ್ಬರ್ ಶೀಟ್ ಒಣಗಲು ಹಾಕುತ್ತಿದ್ದ. ವಿಷಯ ಹೇಳಿದೆ. ಕೈ ಒರೆಸಿಕೊಂಡು ಜಗಲಿಯಲ್ಲಿ ಕೂತ. ನನಗೆ ಕೂತುಕೋ ಎನ್ನಲಿಲ್ಲ.

"ಸೈನ್ ಹಾಕುವ, ಅದಕ್ಕೇನು? ಆದರೆ ಜನ ಕೇಳ್ತಾರಲ್ಲ. ಹೆಂಡತಿ ಮಕ್ಕಳು ಇರುವವನ ನಂಬರು ಇವಳ ಹೆಸರಲ್ಲಿ ಯಾಕೆ ಇತ್ತು ಅಂತ."

"ಆಗ ನನಗೆ ಕಾಗದ ಇರಲಿಲ್ಲ ಶೇಖರಣ್ಣ. ಉಪಕಾರ ಮಾಡಿದರು."

"ನಿನ್ನ ಬಾಯಲ್ಲಿ ಉಪಕಾರ. ಊರಿನ ಬಾಯಲ್ಲಿ ಅದು ಬೇರೆ ಆಗ್ತದೆ. ಒಂದು ಕೆಲಸ ಮಾಡು. ಅವಳು ನಿನಗೆ ಮೋಸ ಮಾಡಿದಳು, ನಿನ್ನ ನಂಬರನ್ನು ನಿನಗೆ ಗೊತ್ತಿಲ್ಲದೆ ತನ್ನ ಹೆಸರಿಗೆ ಮಾಡಿಕೊಂಡಳು ಅಂತ ಇಲ್ಲಿಯ ನಾಲ್ಕು ಜನರ ಎದುರು ಹೇಳು. ನಾನು ನಾಳೆಯೇ ಬಂದು ಸೈನ್ ಹಾಕ್ತೇನೆ."

"ಹಾಗೆ ಹೇಳುವುದು ಹೇಗೆ?"

"ಬಾಯಲ್ಲಿ. ಸತ್ತವಳಿಗೆ ಏನು ನಷ್ಟ? ನಮಗೆ ಮಾನ ಉಳೀತದೆ, ನಿನಗೆ ನಂಬರು."

ಅಕ್ಕ ಮೋಸಗಾರ್ತಿಯಾದರೆ ಆ ಮನೆಗೆ ಅವಮಾನವಿಲ್ಲ. ಹೊರಗಿನ ಒಬ್ಬನಿಗೆ ನಂಬಿಕೆಯಿಂದ ಏನಾದರೂ ಕೊಟ್ಟಿದ್ದಳು ಎಂದರೆ ಅವಮಾನ. ಅವನ ಲೆಕ್ಕ ನನಗೆ ಅಲ್ಲಿಯೇ ಅರ್ಥವಾಯಿತು.

ಮನೆಯಲ್ಲಿ ಎಲ್ಲ ಕೇಳಿ ಹೆಂಡತಿ ಹೇಳಿದಳು, "ಹೇಳಿಬಿಡಿ. ಗಿರಿಜಕ್ಕ ಇದ್ದಿದ್ದರೆ ಅವರೇ ಹೇಳು ಅಂತಿದ್ದರು. ನಿನ್ನ ಹೊಟ್ಟೆ ನೋಡಿಕೋ ಮಾರಾಯ ಅಂತಿದ್ದರು."

ಅವಳು ಹೇಳಿದ್ದು ಸತ್ಯ. ಖಂಡಿತ ಹಾಗೆಯೇ ಹೇಳುತ್ತಿದ್ದರು. ಅದಕ್ಕೇ ಆ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ.

ನನ್ನ ಆಧಾರ್ ಕೊಟ್ಟು, ಬೆರಳು ಒತ್ತಿ, ಹೊಸ ಸಿಮ್ ತೆಗೆದುಕೊಂಡೆ. ಹೊಸ ನಂಬರು ಯಾರಿಗೂ ಗೊತ್ತಿಲ್ಲ. ಹಳೆಯ ಗಿರಾಕಿಗಳು ಎರಡು ಮೂರು ಸಲ ಹಳೆಯದಕ್ಕೆ ಒತ್ತಿ, ಬಾಬು ಕೆಲಸ ಬಿಟ್ಟನೋ ಸತ್ತನೋ ಎಂದು ಬೆಳ್ತಂಗಡಿ ಕಡೆಯ ಬೇರೆಯವರನ್ನು ಕರೆಸಿದರು. ನಾನು ಪ್ರತಿ ವರ್ಷ ಇಳಿಯುತ್ತಿದ್ದ ಬಾವಿಗಳಿಗೆ ಯಾರೋ ಇಳಿದರು. ಬಾವಿಯ ಬದಲು ನಾನು ಸುಣ್ಣದ ಡಬ್ಬ ಹಿಡಿದು ಮೋರಿಯಿಂದ ಮೋರಿಗೆ ಹೋದೆ, ಹಳೆಯದನ್ನು ಅಳಿಸಿ ಹೊಸದನ್ನು ಬರೆಯಲು. ಮೇ ತಿಂಗಳು ಅದರಲ್ಲೇ ಮುಗಿಯಿತು.

ವಾಮದಪದವಿನ ಹತ್ತಿರ ಗೋಡೆಗೆ ಬರೆಯುತ್ತಿದ್ದಾಗ, ಬಸ್ಸಿಗೆ ಕಾಯುತ್ತಿದ್ದ ಒಬ್ಬರು ಪರಿಚಯದವರು ಹತ್ತಿರ ಬಂದರು. ಎರಡು ಸಲ ಅವರ ಪಂಪ್ ಎತ್ತಿಕೊಟ್ಟಿದ್ದೆ. ಮುಖದಲ್ಲಿ ಕನಿಕರ ಇತ್ತು.

"ಕೇಳಿದೆ ಬಾಬಣ್ಣ. ಗಿರಿಜಕ್ಕ ನಿಮಗೆ ಹೀಗೆ ಮೋಸ ಮಾಡಬಾರದಿತ್ತು."

"ಯಾರು ಹೇಳಿದ್ದು?"

"ಅವರ ತಮ್ಮನೇ ಹೇಳ್ತಾ ಇದ್ದರು. ಪಾಪ, ಅವರಿಗೂ ಬೇಜಾರುಂಟು."

ನಾನು ಹೇಳದಿದ್ದದ್ದನ್ನು ಶೇಖರನೇ ನನ್ನ ಪರವಾಗಿ ಹೇಳಿ ಮುಗಿಸಿದ್ದ. ಬ್ರಷ್ ಡಬ್ಬದ ಮೇಲಿಟ್ಟು, "ಹಾಗಲ್ಲ, ಕೇಳಿ. ನನಗೆ ಮೊದಲ ಸಿಮ್ ಕೊಟ್ಟದ್ದೇ ಅವರು" ಎಂದು ಬುಡದಿಂದ ಶುರುಮಾಡಿದೆ. ಪೊಲೀಸ್ ಠಾಣೆಯ ವಿಷಯದವರೆಗೂ ಬಂದಿರಲಿಲ್ಲ, ಬಸ್ಸು ಬಂತು. ಅವರು ಓಡಿಹೋಗಿ ಹತ್ತಿದರು. ಬಸ್ಸು ಹೊರಟ ಮೇಲೆ ಕಿಟಕಿಯಿಂದ ಕೈ ಹೊರಗೆ ಹಾಕಿ, ನನಗೆ ಸಮಾಧಾನ ಆಗಲಿ ಎಂದು ಗಟ್ಟಿಯಾಗಿ ಕೂಗಿದರು:

"ಇರಲಿ ಬಾಬಣ್ಣ, ಬಿಟ್ಟುಬಿಡಿ! ಸತ್ತವರನ್ನು ಕ್ಷಮಿಸಬೇಕು!"