ಚಿಲಕವಿಲ್ಲದ ಮನೆಯಿಂದ ಭಾವನವರನ್ನು ಕರೆತಂದದ್ದು

ಸವಣೂರಿನಿಂದ ಬೆಳಿಗ್ಗೆ ಎಂಟಕ್ಕೆ ಟಾಂಗಾ ಹತ್ತಿದೆ. ಮಾಗಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಪಕ್ಕದಲ್ಲಿ ಅಕ್ಕ ಕೊಟ್ಟ ಗಂಟು: ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಒಂದು ಹೊಸ ಧೋತರ. ರೊಟ್ಟಿ ನನಗೆ, ಧೋತರ ಅವಳ ಗಂಡನಿಗೆ. ನಮ್ಮ ಭಾವ ವೀಳ್ಯದೆಲೆಯ ವ್ಯಾಪಾರಿ, ಮನುಷ್ಯ ಬಂಗಾರದಂಥವರು, ಆದರೆ ನಾಲ್ಕು ವರ್ಷಗಳಿಂದ ಹೆಂಡಕ್ಕೆ ಬಿದ್ದಿದ್ದರು. ಮನೆಯಲ್ಲಿ ಉಣ್ಣುವುದನ್ನೇ ಬಿಟ್ಟಿದ್ದರು, ಅಕ್ಕ ಬಡಿದಿಟ್ಟ ರೊಟ್ಟಿ ಬುಟ್ಟಿಯಲ್ಲೇ ಒಣಗುತ್ತಿತ್ತು. ಕುಡಿತ ಬಿಡಿಸಲೆಂದು ಮೊದಲು ಒಂದು ಕಡೆ ಬಿಟ್ಟು ಬಂದಾಗ ಅಲ್ಲಿ ಕಂಬಕ್ಕೆ ಕಟ್ಟಿದ್ದರಂತೆ, ಮೂರನೆಯ ದಿನವೇ ಓಡಿ ಬಂದರು. ಹಿರೇಕೆರೂರಿನ ಆಚೆ ಒಬ್ಬ ವೈದ್ಯರು ಕುಡಿತ ಬಿಡಿಸುತ್ತಾರೆಂದು ಕೇಳಿ, ನಲವತ್ತು ದಿನದ ಹಿಂದೆ ನಾನೇ ಅಲ್ಲಿಗೆ ಒಯ್ದು ಬಿಟ್ಟಿದ್ದೆ. ಈಗ ಕರೆತರುವ ದಿನ.

ಹೊರಡುವಾಗ ಅಕ್ಕ ಹೇಳಿದಳು, "ಬಂದ್ರ ಇಬ್ರೂ ಬರ್ರಿ ತಮ್ಮಾ. ಒಬ್ಬನ ಬಂದ್ರ ಬಾಗಲದಾಗ ನಿಂತು ಹೇಳಿ ಹೋಗಿಬಿಡು. ಹಾವೇರಿ ಹಾದಿ ಬ್ಯಾಡ, ಅಲ್ಲಿ ಅವರ ಕುಡ್ಯೋ ಗೆಳ್ಯಾರು ಭಾಳ."

ಅದಕ್ಕೇ ಈ ಸುತ್ತುದಾರಿ. ಶಿಗ್ಗಾವಿಯಲ್ಲಿ ಹಾನಗಲ್ಲಿನ ಮೋಟಾರು ಸಿಕ್ಕಿತು. ಯುದ್ಧದಿಂದಾಗಿ ಪೆಟ್ರೋಲಿಲ್ಲ, ಮೋಟಾರಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದ್ದರು. ಆರಾಣೆ ಕೊಟ್ಟು ಹತ್ತಿದ ನಾವೇ ಬಂಕಾಪುರದ ಆಚೆಯ ಏರಿನಲ್ಲಿ ಇಳಿದು ಅದನ್ನು ನೂಕಿದೆವು. ನೂಕುತ್ತಲೇ ನಾನು ಪಕ್ಕದವರಿಗೆ ಭಾವನವರ ಕಥೆಯನ್ನೆಲ್ಲ ಹೇಳಿ ಮುಗಿಸಿದ್ದೆ. ಮಾಸ್ತರಿಕೆ ಮಾಡಿ ಮಾಡಿ ನನ್ನ ಬಾಯಿಗೆ ಬಿಡುವಿಲ್ಲ. ಹಾನಗಲ್ಲಿನಲ್ಲಿ ಕೆರೆಯ ಗಾಳಿಗೆ ನಡುಗುತ್ತ ಖಾನಾವಳಿಯಲ್ಲಿ ಬಿಸಿ ಅನ್ನ, ಸಾರು ಉಂಡು ಅಲ್ಲೇ ತಂಗಿದೆ.

ಮರುದಿನ ಹಿರೇಕೆರೂರಿಗೆ ಮೂವತ್ತು ಮೈಲು, ಮಧ್ಯಾಹ್ನದವರೆಗೆ ಹಿಡಿಯಿತು. ಅಲ್ಲಿಂದ ಅಬಲೂರಿನ ಹಾದಿಯಲ್ಲಿ ಜೋಳದ ಹೊಲಗಳ ನಡುವೆ ನಡೆದೆ. ವೈದ್ಯರ ಮನೆ ಮುಟ್ಟಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಬಾಗಿಲು. ಅದಕ್ಕೆ ಚಿಲಕವಿರಲಿಲ್ಲ, ಚಿಲಕ ಕಿತ್ತ ನಾಲ್ಕು ತೂತುಗಳಿದ್ದವು. ಬಿಟ್ಟು ಹೋಗುವ ದಿನ ಅವಸರದಲ್ಲಿ ನಾನಿದನ್ನು ನೋಡಿರಲೇ ಇಲ್ಲ. ಒಳಗೆ ಭಾವನವರ ಚಾಪೆ ಸುತ್ತಿಟ್ಟಿತ್ತು, ಮನುಷ್ಯ ಇರಲಿಲ್ಲ. ಕಂಬಕ್ಕೆ ಕಟ್ಟಿದಲ್ಲಿಂದಲೇ ಓಡಿದವರು, ಇಲ್ಲಿ ನಿಲ್ಲುತ್ತಾರೆಯೇ?

ಹಿತ್ತಲಿಗೆ ಹೋದೆ. ಭಾವ ಬಾವಿಕಟ್ಟೆಯ ಮೇಲೆ ಕುಳಿತು ವೈದ್ಯರ ಮನೆಗೆ ಬಂದ ವೀಳ್ಯದೆಲೆಗಳಲ್ಲಿ ಕೊಳೆತವುಗಳನ್ನು ಬೇರೆ ಮಾಡುತ್ತಿದ್ದರು. ನಾನು ಅವರ ಮುಖ ನೋಡಲಿಲ್ಲ, ಬೆರಳು ನೋಡಿದೆ. ಹೆಂಡಕ್ಕೆ ಬಿದ್ದ ಮೇಲೆ ಆ ಬೆರಳು ಮುಟ್ಟಿದರೆ ಎಲೆ ಹರಿಯುತ್ತಿತ್ತು. ಈಗ ಒಂದೂ ಹರಿಯಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟೆ.

"ನೀರು ಕುಡೀರಿ ಮಾಸ್ತರ, ಮಾರಿ ಬೆಳ್ಳಗಾಗೇತಿ" ಎಂದರು ಭಾವ.

ಮರುದಿನ ಬೆಳಿಗ್ಗೆ ಹೊರಡಬೇಕೆನ್ನುವಾಗ ವೈದ್ಯರು ನಮ್ಮನ್ನು ಪಡಸಾಲೆಯಲ್ಲಿ ಕೂರಿಸಿದರು. "ಇಲ್ಲಿಂದ ಹೋಗೋರು ಒಂದು ತಕರಾರು ಹೇಳಿ ಹೋಗಬೇಕ್ರಿ. ಅದ ನನ್ನ ದಕ್ಷಿಣಿ. ಹಿಂದ ಈ ಬಾಗಲಕ್ಕ ಹೊರಗಿಂದ ಚಿಲಕ ಹಾಕತಿದ್ವಿ. ಅದರ ಸಪ್ಪಳಕ್ಕ ನಿದ್ದಿ ಬರಂಗಿಲ್ಲ ಅಂತ ಒಬ್ರು ಹೇಳಿ ಹೋದ್ರು, ಕಿತ್ತು ಒಗದ್ನಿ. ನೀವೇನು ಹೇಳ್ತೀರಿ?"

"ಏನಿಲ್ರಿ, ಎಲ್ಲಾ ಚಲೋ ಇತ್ತಂತ್ರಿ" ಎಂದೆ ನಾನು.

"ನಿಮ್ಮನ್ನ ಕೇಳಿಲ್ರಿ."

ಭಾವ ವೈದ್ಯರ ಕಡೆಗೆ ತಿರುಗಿ ಕುಳಿತರು. ಆಮೇಲೆ ಹೇಳಿದರು, "ಬಂದ ದಿವಸ ನೀವು ಎಲ್ಲಾನೂ ಈ ಮಾಸ್ತರನ್ನ ಕೇಳಿದ್ರಿ. ಎಷ್ಟು ಕುಡೀತಾರ, ಎಂದಿನಿಂದ ಕುಡೀತಾರ, ಮನ್ಯಾಗ ಹ್ಯಾಂಗ ಇರ್ತಾರ. ನಾ ಬಾಜೂಕ ಕುಂತಿದ್ದೆ. ಸಂತ್ಯಾಗ ನಿಂತ ಎತ್ತಿನಂಗ ಅನಸ್ತು. ನನ್ನ ಮಾರಿ ನೋಡಿ ಕೇಳಿದ್ರ ನಾನ ಹೇಳತಿದ್ದೆ. ಇವರಿಗೆ ಅರ್ಧಾನೂ ಗೊತ್ತಿಲ್ಲ."

ನನ್ನ ಕಿವಿ ಬಿಸಿಯಾಯಿತು. ಆ ದಿನ ನಾನು ಎಷ್ಟು ಚೆನ್ನಾಗಿ ವಿವರಿಸಿದೆನೆಂದು ಊರಿಗೆಲ್ಲ ಹೇಳಿಕೊಂಡಿದ್ದೆ. ನಾಚಿಕೆಯಾಯಿತು, ನಿಜ ಹೇಳಬೇಕೆಂದರೆ ತುಸು ಸಿಟ್ಟೂ ಬಂತು. ವೈದ್ಯರು ಮಾತ್ರ ಕೈ ಮುಗಿದು, "ಖರೇ ಐತ್ರಿ. ತಪ್ಪು ನಂದು" ಎಂದರು.

ಅಷ್ಟರಲ್ಲಿ ಹೊರಗೆ ಚಕ್ಕಡಿ ನಿಂತಿತು. ಒಬ್ಬ ತನ್ನ ತಮ್ಮನ ರಟ್ಟೆ ಹಿಡಿದು ಇಳಿಸುತ್ತ, ಇಳಿಯುವ ಮೊದಲೇ ಶುರುಮಾಡಿದ್ದ: "ಇಂವಾ ನೋಡ್ರಿ, ಹೊತ್ತು ಹುಟ್ಟೂದರಾಗ ಕುಡದು..." ವೈದ್ಯರು ಅವನನ್ನು ತಡೆದರು. "ನೀವು ಕಟ್ಟಿ ಮ್ಯಾಲೆ ಕುಂದರ್ರಿ. ನಾ ನಿಮ್ಮ ತಮ್ಮನ ಕೂಡ ಮಾತಾಡ್ತೇನಿ." ಆ ಅಣ್ಣ ಬಾಯಿ ತೆರೆದುಕೊಂಡೇ ಕಟ್ಟೆಯ ಮೇಲೆ ಕುಳಿತ. ನಾನೂ ಹೊರಬಂದು ಅವನ ಪಕ್ಕದಲ್ಲಿ ಕುಳಿತೆ. ಭಾವ ಹೊಸ ಧೋತರ ಉಟ್ಟು ಬರುವಾಗ ನನ್ನನ್ನು ನೋಡಿ ನಕ್ಕರು. ನಾಲ್ಕು ವರ್ಷದಲ್ಲಿ ಆ ನಗೆಯನ್ನು ನಾನು ಕಂಡಿರಲಿಲ್ಲ, ಇದ್ದ ಸಿಟ್ಟೂ ಹೋಯಿತು.

ಹಾನಗಲ್ಲಿನ ಚಹಾದಂಗಡಿಯಲ್ಲಿ ಮಾಲಕ ನನ್ನನ್ನೇ ಕೇಳಿದ, "ಅವರಿಗೇನು ಕೊಡ್ಲಿರಿ?" ಬಾಯಿ ತನಕ ಬಂದದ್ದನ್ನು ನುಂಗಿದೆ. "ಖಡಕ್ ಚಹಾ" ಎಂದರು ಭಾವ. ಮರುದಿನ ಬಂಕಾಪುರದ ಈಚೆಯ ಇನ್ನೊಂದು ಏರಿನಲ್ಲಿ ಮೋಟಾರು ಮತ್ತೆ ನಿಂತಿತು. ಎಲ್ಲರಿಗಿಂತ ಮೊದಲು ಇಳಿದು ಹೆಗಲು ಕೊಟ್ಟವರು ಅವರೇ.

ಸವಣೂರು ಮುಟ್ಟಿದಾಗ ಹೊತ್ತು ಇಳಿದಿತ್ತು. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಇಬ್ಬರನ್ನೂ ಕಂಡಳು, ಆದರೂ ರೂಢಿಯಂತೆ ನನ್ನ ಕಡೆಗೇ ತಿರುಗಿದಳು.

"ಹ್ಯಾಂಗ ಅದಾರೋ ತಮ್ಮಾ?"

"ಇಲ್ಲೇ ನಿಂತಾರಲ್ಲಕ್ಕಾ. ಅವರನ್ನ ಕೇಳು."

ಅವಳಿಗೆ ಹೇಗೆ ಕೇಳಬೇಕೆಂದು ತಿಳಿಯಲಿಲ್ಲ. ಸೆರಗು ಸರಿಮಾಡಿಕೊಂಡು, ಗಂಡನ ಮುಖ ನೋಡಿ ಮೆಲ್ಲಗೆ ಕೇಳಿದಳು, "ಹ್ಯಾಂಗ ಅದೀರಿ?"

"ಹಸಿವಾಗೇತಿ" ಎಂದರು ಭಾವ.

ಅಕ್ಕ ಅಡಿಗೆಮನೆಗೆ ಓಡಿದಳು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬಂತು. ಹಸಿವು ನನಗೂ ಆಗಿತ್ತು. ನನ್ನನ್ನು ಯಾರೂ ಕೇಳಲಿಲ್ಲ.