ಮೆಂತ್ಯದ ಕಾವಲು

ನಮ್ಮವರಿಗೆ ಕೊಲೆಸ್ಟ್ರಾಲ್ ಇದೆ ಅಂತ ಗೊತ್ತಾದದ್ದು ತೊಂಬತ್ತರ ದಶಕದ ನಡುವಿನಲ್ಲಿ, ಮಗಳಿಗೆ ನಾಗಮಂಗಲದ ಕಡೆಯ ಸಂಬಂಧ ಬಂದಿದ್ದ ತಿಂಗಳಲ್ಲೇ. ಮೈಸೂರಿನ ಡಾಕ್ಟರು ರಿಪೋರ್ಟ್ ನೋಡಿ ಮಾತ್ರೆ ಬರೆದರು. ಮಾಂಸ, ತುಪ್ಪ ಕಡಿಮೆ ಮಾಡಿ, ಇಲ್ಲದಿದ್ದರೆ ಎದೆಗೆ ತೊಂದರೆ ಅಂದರು. ಕ್ಲಿನಿಕ್ಕಿನ ಮೆಟ್ಟಿಲು ಇಳಿಯುವಷ್ಟರಲ್ಲಿ ನಮ್ಮವರ ತೀರ್ಮಾನ ಆಗಿತ್ತು.

"ಕೆ.ಆರ್. ಪೇಟೆ ಮೆಡಿಕಲ್ ಸ್ಟೋರಲ್ಲಿ ಈ ಮಾತ್ರೆ ತಕೊಂಡ್ರೆ ಸಂಜೆ ಒಳ್ಗೆ ನಮ್ಮೂರು ಬೂಕನಕೆರೆಗೆಲ್ಲ ಗೊತ್ತಾಯ್ತದೆ. ಹೆಣ್ಣಿನಪ್ಪಂಗೆ ಎದೆರೋಗ ಅಂದ್ರೆ ಗಂಡಿನೋರು ಬತ್ತಾರೇನೇ?"

"ಮೈಸೂರಲ್ಲೇ ತಗೊಳ್ಳೋಣ, ಪ್ಲೀಸ್" ಅಂದೆ.

"ತಕೊಂಡು ಎಲ್ಲಿಟ್ಟೀಯ? ನಮ್ಮನೇಲಿ ಬೀಗ ಹಾಕಿರೋ ಬಾಗ್ಲು ಯಾವುದದೆ?"

ನಿಜವೇ. ಬರುವವರೆಲ್ಲ ಸೀದಾ ಅಡುಗೆಮನೆಯವರೆಗೆ ಬರುವ ಮನೆ ನಮ್ಮದು. ಆದರೆ ಡಬ್ಬಿಯಲ್ಲಿರುವ ಮೆಂತ್ಯವನ್ನು ಯಾರು ಅನುಮಾನಿಸುತ್ತಾರೆ? ಒಂದು ಇಂಗ್ಲಿಷ್ ಮ್ಯಾಗಜಿನ್‌ನಲ್ಲಿ ನ್ಯಾಚುರಲ್ ಆಗಿ ಕೊಲೆಸ್ಟ್ರಾಲ್ ಇಳಿಸುವುದು ಹೇಗೆ ಅಂತ ಎರಡು ಪುಟ ಬಂದಿತ್ತು. ಅದನ್ನು ಓದಿ ನಾನು ಅಡುಗೆಮನೆಯಲ್ಲೇ ಸೀಕ್ರೆಟ್ ಆಸ್ಪತ್ರೆ ತೆರೆದೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನನಗೆ ಕಸ್ಟರ್ಡ್ ಮಾಡಲು ಕಲಿಸಿದ್ದರು. ಹುರುಳಿಕಟ್ಟಿನ ಸಾರು ಕಲಿಸಿರಲಿಲ್ಲ. ಅದನ್ನೂ ಕಲಿತೆ. ರಾತ್ರಿ ನೆನೆಸಿದ ಮೆಂತ್ಯ ಬೆಳಗಿನ ಖಾಲಿ ಹೊಟ್ಟೆಗೆ, ಅದರ ಹಿಂದೆಯೇ ಜಜ್ಜಿದ ಹಸಿ ಬೆಳ್ಳುಳ್ಳಿ. ಮುದ್ದೆಗೆ ಅಗಸೆ ಚಟ್ನಿಪುಡಿ, ಮಧ್ಯಾಹ್ನ ಹುರುಳಿ.

"ಎತ್ತಿಗ್ ಹಾಕೋದ ನಂಗಾಕ್ತಾವ್ಳೆ" ಅಂತ ಹಟ್ಟಿಯ ಕಡೆ ತಿರುಗಿ ದೂರು ಹೇಳುತ್ತಿದ್ದರು, ಎತ್ತುಗಳೇ ನ್ಯಾಯ ಹೇಳಬೇಕು ಅನ್ನುವ ಹಾಗೆ.

ಮೆಂತ್ಯದ ವಿಷಯ ಒಂದು ಇದೆ, ಅದು ಬೆವರಿನಲ್ಲಿ ಹೊರಬರುತ್ತದೆ. ಗದ್ದೆಯಿಂದ ಬಂದು ಅವರು ತೆಗೆದಿಟ್ಟ ಶರ್ಟುಗಳಿಗೆಲ್ಲ ಆ ಕಹಿಸಿಹಿ ವಾಸನೆ. ಅವರು ಹೋಗಿ ಎಷ್ಟೋ ವರ್ಷವಾಯಿತು, ಅದೂ ಎದೆಯಿಂದಲ್ಲ, ವಯಸ್ಸಾಗಿ. ಈಗಲೂ ಒಗ್ಗರಣೆಗೆ ಮೆಂತ್ಯ ಬಿದ್ದರೆ ಸಿಲ್ಲಿ ಹುಡುಗಿಯ ಹಾಗೆ ಬಾಗಿಲ ಕಡೆ ನೋಡುತ್ತೇನೆ.

ಮದುವೆ ಚೆನ್ನಾಗಿ ಆಯಿತು. ಗುಟ್ಟು ಗುಟ್ಟಾಗಿಯೇ ಉಳಿಯಿತು. ಆದರೆ ನಮ್ಮವರಿಗೆ ಮೆಂತ್ಯದ ಮೇಲೆ ಎಂಥ ಫೇತ್ ಬಂದಿತ್ತೆಂದರೆ, ಬಾಡಿನ ಸಾರು ಮತ್ತೆ ತಟ್ಟೆಗೆ ಬಂತು, ತುಪ್ಪವೂ ಬಂತು. ನಾನು ಗಾಬರಿಯಾಗಿ ಕಣ್ಣು ಕಣ್ಣು ಬಿಟ್ಟರೆ, "ಯಾಕೇ ಎದ್ರುಕೋತೀಯ? ಬೆಳ್ಗೆ ಮೆಂತ್ಯ ತಿಂದಿವ್ನಲ್ಲ, ಅದು ಒಳ್ಗೆ ಕಾವ್ಲು ಕೂತದೆ ಬುಡು" ಅನ್ನುತ್ತಿದ್ದರು. ಮೊದಲು ಒಂದು ಚಮಚ ತಿನ್ನುತ್ತಿದ್ದವರು, ಬಾಡಿನ ಊಟವಿದ್ದ ದಿನ ಎರಡು ಚಮಚ ಮೆಂತ್ಯ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಇತ್ತ ಮೆಟ್ಟಿಲು ಹತ್ತಿದರೆ ಏದುಸಿರು.

ಹೀಗಿರುವಾಗ ಗಂಡಿನ ಮನೆಯ ಬೀಗರ ಊಟ ಬಂತು. ನಾಗಮಂಗಲದ ಹತ್ತಿರದ ಅವರ ಊರಿನಲ್ಲಿ ಶಾಮಿಯಾನ. ಹೆಂಗಸರ ಸಾಲು ಒಂದು ಕಡೆ, ಎದುರಿಗೆ ಗಂಡಸರದು. ಬೀಗರ ಊಟದಲ್ಲಿ ಬೇಡ ಅನ್ನುವ ಮಾತೇ ಇಲ್ಲ. ಅಳಿಯನ ಅಪ್ಪ ತಾವೇ ಸೌಟು ಹಿಡಿದು ನಮ್ಮವರ ಎಲೆ ಮುಂದೆ ನಿಂತುಬಿಟ್ಟರು.

"ಏನ್ ಬೀಗ್ರೇ, ಇಂಗೆ ಕೋಳಿ ಕೆದ್ಕುದಂಗೆ ಉಂಡ್ರೆ ನಮ್ ಮಾನ ಏನಾಗ್ಬೇಕು? ಮೂಳೆ ತತ್ತಾರ್ಲಾ ಇಲ್ಲಿ, ಬೀಗ್ರು ಚೀಪ್ಲಿ!"

ನಮ್ಮವರು ನಗುತ್ತ ಉಂಡರು. ಇನ್ನೊಂದು ಸೌಟು ಬಿತ್ತು, ಅದನ್ನೂ ಉಂಡರು. ಹಣೆಯಲ್ಲಿ ಬೆವರು. ಎಡಗೈ ಒಮ್ಮೆ ಎದೆಯ ಮೇಲೆ ಹೋಗಿ ಬಂತು. ಅಷ್ಟೇ ನಾನು ನೋಡಿದ್ದು. ಎಂಜಲು ಕೈಯಲ್ಲೇ ಎದ್ದು, ಗಂಡಸರ ಸಾಲಿಗೆ ನಡೆದು, ಎಲೆಗೆ ಅಡ್ಡ ಕೈ ಹಿಡಿದೆ.

"ಬೀಗರೇ, ಸಾಕು. ಇವರಿಗೆ ಕೊಲೆಸ್ಟ್ರಾಲ್ ಇದೆ. ಎದೆಗೆ ಅಪಾಯ ಅಂದಿದ್ದಾರೆ ಡಾಕ್ಟರು."

ನಮ್ಮವರು ತಲೆ ಎತ್ತಲಿಲ್ಲ. ಮಗಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಅಳಿಯನ ಅಜ್ಜಿ ಕೂತಲ್ಲಿಂದಲೇ ಕೇಳಿದರು: "ಅದೇನವ್ವಾ ಅದು? ಅಂಟುಜಾಡ್ಯವಾ?"

"ಅಲ್ಲಜ್ಜಿ, ರಕ್ತದಲ್ಲಿ ಜಿಡ್ಡು."

"ಅಯ್ಯೋ, ಜಿಡ್ಡಾ! ನಾನೇನೋ ಅಂದ್ಕೊಂಡೆ. ಮೆಂತ್ಯ ತಿನ್ಸವ್ವ."

"ಮೆಂತ್ಯ ಯಾವ್ ಮೂಲೇಗಜ್ಜೀ, ಮತ್ತಿ ಮರದ್ ಚಕ್ಕೆ ಕಸಾಯ ಕುಡಿಸ್ಬೇಕು" ಅಂತ ಒಬ್ಬ. "ಕರಿಬೇವು ಅಗೀಲಿ" ಅಂತ ಇನ್ನೊಬ್ಬ. ಊಟದ ಸಾಲಿನವರೆಲ್ಲ ವೈದ್ಯರಾದರು. ಬೀಗರು ಮಾತ್ರ ಸೌಟನ್ನು ಪಾತ್ರೆಗೆ ವಾಪಸು ಇಟ್ಟರು. ಆಮೇಲೆ, "ತಿಳಿಸಾರು ತತ್ತಾರ್ಲಾ" ಅಂದರು, ಮೆಲ್ಲಗೆ.

ವಾಪಸು ಬರುವಾಗ ಕಾರು ಪಾಂಡವಪುರ ದಾಟಿತು. ಮಾನ ಕಳೆದೆ ಅಂತ ಬೈಯುತ್ತಾರೆ ಅಂದುಕೊಂಡು ಕಿಟಕಿಯಾಚೆ ಕಬ್ಬು ನೋಡುತ್ತ ಕೂತಿದ್ದೆ.

"ಊರ್ಗೆಲ್ಲ ಗೊತ್ತಾಯ್ತಲ್ಲ" ಅಂದರು ಕೊನೆಗೆ. "ಇನ್ನ ಮಾತ್ರೆ ನುಂಗಕೇನು."

ಡಾಕ್ಟರು ಮತ್ತೆ ರಕ್ತ ನೋಡಿದರು. ಇಳಿದಿರಲಿಲ್ಲ, ಏರಿತ್ತು. ಮೆಂತ್ಯ ತಿನ್ನಿ, ಬೇಡ ಅನ್ನುವುದಿಲ್ಲ, ಅದನ್ನು ನಂಬಿ ಮಾತ್ರೆ ಮಾತ್ರ ಬಿಡಬೇಡಿ ಅಂದರು. ನಮ್ಮವರು ಬಿಡಲಿಲ್ಲ. ಬಾಡೂಟಗಳಲ್ಲಿ ತಾವೇ ಎಲೆಗೆ ಕೈ ಅಡ್ಡ ಹಿಡಿದು, "ನಂಗೆ ಕೊಲೆಸ್ಟ್ರಾಲು ಕಣ್ಲಾ" ಅಂತ ಪದವಿ ಬಂದವರ ಹಾಗೆ ಹೇಳುತ್ತಿದ್ದರು.

ಸುಗ್ಗಿ ಕಳೆದ ಮೇಲೆ ಬೀಗರು ಒಬ್ಬರೇ ಬಂದರು. ನಾನು ಕಾಫಿ ಕೊಟ್ಟು ಒಳಗೆ ಬರುವವರೆಗೂ ಬೆಲ್ಲದ ರೇಟಿನ ಮಾತು. ಆಮೇಲೆ ದನಿ ತಗ್ಗಿತು.

"ಬೀಗ್ರೇ, ನಂದೂವೆ ರಕ್ತ ಪರೀಕ್ಷೆ ಮಾಡವ್ರೆ. ಆ ಮಾತ್ರೆಯ... ಎಂಗಸ್ರಿಗೆ ಗೊತ್ತಾಗ್ದಂಗೆ ನುಂಗ್ಬೋದಾ?"

"ಆಗಕಿಲ್ಲ" ಅಂದರು ನಮ್ಮವರು. "ಮೊದ್ಲು ಎಂಗಸ್ರಿಗೇ ಏಳ್ಬುಡಿ. ಮಿಕ್ಕೋರ್ಗೆಲ್ಲ ಅವ್ರೇ ಏಳ್ತಾರೆ."